ಮುಡಿ ಕೊಟ್ಟಿದ್ದಲ್ಲ

ಕರಿಯಮ್ಮ, ನನ್ನ ಮಗಳು ಸುಧಾಳ ಕೂದಲನ್ನು ನಾವು ದೇವರಿಗೆ ಕೊಟ್ಟಿರಲಿಲ್ಲ. ಅದು ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಔಷಧಿಗೆ ಉದುರಿದ್ದು. ನಿನಗೆ ನಾನು ಸುಳ್ಳು ಹೇಳಿದೆ. ಅದನ್ನು ನಂಬಿ ನೀನು ಮಗನನ್ನು ಕಳೆದುಕೊಂಡೆ — ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಗ ನಾವು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನೀನು ಹಟ್ಟಿಯಿಂದ ಮೊಸರು ಹೊತ್ತು ತರುತ್ತಿದ್ದೆ, ಸೆರಗು ಹಿಡಿದು ನಿನ್ನ ಈರಣ್ಣ ಬರುತ್ತಿದ್ದ. ಸುಧಾಳ ಕತ್ತಿನಲ್ಲಿ ಗಡ್ಡೆ ಎದ್ದದ್ದನ್ನು ಮೊದಲು ಕಂಡವಳೂ ನೀನೇ. ಯಜಮಾನರ ರೈಲ್ವೆ ಪಾಸಿತ್ತು, ಬೆಂಗಳೂರಿಗೆ ಓಡಾಡಿದೆವು. ಊರಿನವರಿಗೆ ಮಾತ್ರ ತವರಿಗೆ ಹೋಗಿದ್ದೆ ಎನ್ನುತ್ತಿದ್ದೆ. ಹೆಣ್ಣುಮಗು, ಕ್ಯಾನ್ಸರ್ ಎಂದು ನಾಲ್ಕು ಜನರ ಬಾಯಿಗೆ ಬಿದ್ದರೆ ನಾಳೆ ಯಾರು ಮದುವೆಯಾಗುತ್ತಾರೆ ಎಂದು ಅತ್ತೆ ಹೆದರಿಸಿದ್ದರು. ಅತ್ತೆಯ ಮೇಲೆ ಹಾಕುವುದು ಸುಲಭ. ನಾನೂ ಹಾಗೇ ಯೋಚಿಸುತ್ತಿದ್ದೆ.

ಆಸ್ಪತ್ರೆಯ ಡಾಕ್ಟರಮ್ಮ ಒಂದು ಸಲ ನಮ್ಮನ್ನು ಕಳಿಸಿಕೊಡುವಾಗ ಕೈ ಹಿಡಿದು ಕೇಳಿಕೊಂಡಿದ್ದರು — ಮಕ್ಕಳ ಈ ಗಡ್ಡೆ ಬೇಗ ತಂದರೆ ಹೆಚ್ಚಾಗಿ ವಾಸಿಯಾಗುತ್ತದೆ, ನಿಮ್ಮ ಕಡೆಯವರು ಕೈಮೀರಿದ ಮೇಲೆ ಬರುತ್ತಾರೆ, ಇಂಥ ಮಗು ಕಂಡರೆ ಕಳಿಸಿ, ಖರ್ಚಿಗೆ ಏನಾದರೂ ದಾರಿ ಹುಡುಕೋಣ ಎಂದು. ನಾನು ತಲೆಯಾಡಿಸಿ ಬಂದೆ.

ಸ್ವಲ್ಪ ದಿನಕ್ಕೆ ಈರಣ್ಣನ ಕತ್ತಿನಲ್ಲೂ ಎದ್ದಿತು. ನೀನು ಗಡಿಗೆ ಇಳಿಸಿ, ಜಗಲಿಯಲ್ಲಿ ಆಡುತ್ತಿದ್ದ ಸುಧಾಳ ಬೋಳು ತಲೆ ನೋಡಿ ಕೇಳಿದೆ:

"ಅಕ್ಕಾರೆ, ಪಾಪುಗೆ ಏನ್ ಮಾಡ್ಸಿದ್ರಿ? ಗಡ್ಡೆ ಕರಗೈತೆ. ನಮ್ ಹುಡುಗಂಗೂ ಹಂಗೇ ಆಗೈತೆ."

ನಿಜ ಬಾಯಿಗೆ ಬಂದಿತ್ತು. ಆದರೆ ನೀನು ಮನೆಮನೆಗೆ ಮೊಸರು ಹಾಕುವವಳು, ನಿನಗೆ ಹೇಳಿದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ ಎಂದುಕೊಂಡೆ.

"ಮನೆದೇವರಿಗೆ ಮುಡಿ ಕೊಟ್ವಿ ಕಣಮ್ಮ, ಅಷ್ಟೇ," ಎಂದೆ.

ನೀನು ನಿಮ್ಮ ದೇವರಿಗೆ ಹೋಗಿಬಂದೆ. ಈರಣ್ಣನ ಬೋಳು ತಲೆಗೆ ಗಂಧ ಬಳಿದಿತ್ತು, ಅದನ್ನು ನನಗೆ ತೋರಿಸಲೆಂದೇ ಕರೆತಂದಿದ್ದೆ. ಅವನು ನಗುತ್ತ ನನ್ನ ಕೈಗೆ ತೆಂಗಿನ ಚೂರು, ಮಂಡಕ್ಕಿ ಇಟ್ಟ. ಕತ್ತಿನ ಗಡ್ಡೆ ಇನ್ನೂ ದಪ್ಪವಾಗಿತ್ತು — ಅದು ಏನೆಂದು ಆ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆಗಲಾದರೂ ಹೇಳಬಹುದಿತ್ತು. ರೈಲು ಮನೆ ಮುಂದೆಯೇ ಹೋಗುತ್ತಿತ್ತು. ನಾನೇ ಕರೆದುಕೊಂಡು... ಇಲ್ಲ. ಪ್ರಸಾದ ಕಣ್ಣಿಗೊತ್ತಿಕೊಂಡು ತಿಂದೆ. ದೇವರು ದೊಡ್ಡವನು, ಸ್ವಲ್ಪ ತಾಳು ಎಂದೂ ಹೇಳಿದೆ.

ನೀನು ತಾಳಿದೆ. ಹುಡುಗನಿಗೆ ಉಸಿರು ಕಟ್ಟತೊಡಗಿದ ಮೇಲೆ ಚಿತ್ರದುರ್ಗಕ್ಕೆ ಒಯ್ದಿರಿ. ಅಲ್ಲಿಂದ ಬೆಂಗಳೂರಿಗೆ ಹೊರಡುವ ಮೊದಲೇ ಅವನು ಹೋದ.

ಅದಾದ ಮೇಲೆ ನೀನು ಒಬ್ಬಳೇ ಮೊಸರು ತಂದ ದಿನ ನಿನ್ನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ನೀನೇ ಅಂದೆ:

"ನಮ್ ಹರಕೇಲಿ ಏನೋ ತಪ್ಪಾಗೈತೆ ಅಕ್ಕಾರೆ. ನಿಮ್ಮಷ್ಟು ಭಕ್ತಿ ನಮಗೆಲ್ಲಿ ಬರ್ಬೇಕು."

ಕರಿಯಮ್ಮ, ಆಗಲೂ ನಾನು ಪಾತ್ರೆ ಹಿಡಿದು ಮೊಸರು ಹಾಕಿಸಿಕೊಂಡೆ.

ಸುಧಾ ಈಗ ಮದುವೆಯ ವಯಸ್ಸಿಗೆ ಬಂದಿದ್ದಾಳೆ. ಮೊನ್ನೆ ಹೊಸದುರ್ಗದವರು ನೋಡಲು ಬಂದಿದ್ದರು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಅವಳೇ ತನ್ನ ಕಾಯಿಲೆ, ಚಿಕಿತ್ಸೆ ಎಲ್ಲ ಹೇಳಿಬಿಟ್ಟಳು. ಅವರು ಮತ್ತೆ ಸುದ್ದಿ ಕಳಿಸಲಿಲ್ಲ. ಹೋಗಲಿ ಬಿಡಮ್ಮ ಎಂದು ಮಗಳು ಮರುದಿನ ತನ್ನ ಪಾಡಿಗೆ ಕೆಲಸಕ್ಕೆ ಹೋದಳು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಆದದ್ದು ಇಷ್ಟೇ — ಒಂದು ಸಂಬಂಧ ತಪ್ಪಿತು. ಇಷ್ಟಕ್ಕೆ ನಾನು ನಿನ್ನ ಮಗನನ್ನು...

ನೀನು ಈಗ ಮಾರಿಕಣಿವೆ ಕಡೆ ತಮ್ಮನ ಮನೆಯಲ್ಲಿದ್ದೀಯಂತೆ. ನಿನಗೆ ಓದಲು ಬಾರದು, ಹಾಗಾಗಿ ಬರೆದು ಕೈತೊಳೆದುಕೊಳ್ಳುವ ದಾರಿಯೂ ನನಗಿಲ್ಲ. ನಾಳೆ ಹಿರಿಯೂರಿನ ಬಸ್ಸು ಹತ್ತುತ್ತೇನೆ. ನೀನು ಹಿಡಿ ಮಣ್ಣು ತೂರಿ ಶಾಪ ಹಾಕಿದರೆ ನಿಂತು ಹಾಕಿಸಿಕೊಳ್ಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಹರಕೆಯಲ್ಲಿ ತಪ್ಪಿರಲಿಲ್ಲ ಕರಿಯಮ್ಮ, ನಿನ್ನ ಭಕ್ತಿಯಲ್ಲೂ ಇರಲಿಲ್ಲ — ಅಷ್ಟನ್ನು ನಿನ್ನೆದುರಿಗೆ ನಿಂತು ಹೇಳಬೇಕು.