ಭಾವ ಬಂದರೆ ಸರಿಹೋಗುತ್ತಿದ್ದ ಕಂಪ್ಯೂಟರ್

ನನ್ನ ಗಂಡನ ಅಣ್ಣನನ್ನು ಕುಶಾಲನಗರದ ನಮ್ಮ ಬೀದಿಯವರೆಲ್ಲ ಇಂಜಿನಿಯರ್ರು ಎಂದೇ ಕರೆಯುತ್ತಾರೆ. ಅವರು ಇಂಜಿನಿಯರಿಂಗ್ ಓದಿದವರಲ್ಲ. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ತಂತಿ ಕಟ್ಟುತ್ತಿದ್ದವರು. ಕಂಬ ಹತ್ತುವುದು ಸಣ್ಣ ಕೆಲಸವಲ್ಲ, ಅದನ್ನೇ ಹೇಳಿಕೊಂಡಿದ್ದರೆ ನಾನೂ ಮರ್ಯಾದೆ ಕೊಡುತ್ತಿದ್ದೆ. ಆದರೆ ನಿವೃತ್ತರಾದ ಮಾರನೆಯ ದಿನವೇ ಭಾವ ಕಂಬವನ್ನು ಮರೆತುಬಿಟ್ಟರು. ಬೀದಿಯಲ್ಲಿ ಯಾರ ಮನೆಯ ಟಿ.ವಿ. ಕೆಟ್ಟರೂ, ಮೋಟಾರ್ ಸುಟ್ಟರೂ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಜನ ಇಂಜಿನಿಯರ್ರೇ ಎಂದರು. ಅವರು ಅಲ್ಲ ಎನ್ನಲಿಲ್ಲ.

ನಾನು ಮನೆಯ ಮುಂಗೋಣೆಯಲ್ಲಿ ಟೈಪಿಂಗ್ ಕೆಲಸ ಮಾಡುತ್ತೇನೆ. ಮದುವೆ ಪತ್ರಿಕೆ, ತಿಥಿ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ದೇವಸ್ಥಾನದ ನೋಟೀಸು. ನಮ್ಮ ಮನೆಯವರದು ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರದ ಅಂಗಡಿ. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನ, ಅಣ್ಣತಮ್ಮಂದಿರ ಮನೆಗಳ ನಡುವೆ ಒಂದೇ ಗೋಡೆ. ಆದ್ದರಿಂದ ಭಾವನಿಗೆ ನಮ್ಮ ಮನೆಗೆ ಬರಲು ಚಪ್ಪಲಿ ಹಾಕಿಕೊಳ್ಳುವ ಅಗತ್ಯವೂ ಇರಲಿಲ್ಲ. ಅವರ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ, ನಮ್ಮಲ್ಲಿ ಇತ್ತು. ದಿನಾ ಎರಡು ಗಂಟೆ ನಮ್ಮ ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರು, ಅದೂ ದೊಡ್ಡ ಸದ್ದಿನಲ್ಲಿ.

ಮುಂಗೋಣೆಯ ಕಂಪ್ಯೂಟರಿಗೆ ಹತ್ತು ವರ್ಷ ದಾಟಿದೆ. ನನ್ನ ಹಳೆಯ ಕೆಲಸವೆಲ್ಲ ಅದರೊಳಗೇ ಇದೆ, ಪ್ರಿಂಟರ್ ಕೂಡ ಅದಕ್ಕೇ ಜೋಡಿಸಿದೆ. ಕಳೆದ ವರ್ಷ ನನ್ನ ಬೆನ್ನು ನೋವು ಜಾಸ್ತಿಯಾಗಿ ಒಂದು ಹೊಸ ಲ್ಯಾಪ್‌ಟಾಪ್ ತಂದು ಒಳಗಿನ ಕೋಣೆಯಲ್ಲಿ ಇಟ್ಟುಕೊಂಡೆ. ಅಲ್ಲಿ ಕುಳಿತೇ ಹಳೆಯದರಲ್ಲಿರುವ ಫೈಲು ತೆಗೆಯಬೇಕು, ಅಲ್ಲಿಂದಲೇ ಪ್ರಿಂಟ್ ಕೊಡಬೇಕು. ಎರಡನ್ನೂ ಜೋಡಿಸಲು ಯಾರನ್ನೂ ಕರೆಯದಿದ್ದರೂ ಭಾವ ಬಂದರು.

“ನೋಡಮ್ಮ, ಪ್ರತಿ ಕಂಪ್ಯೂಟರ್‌ಗೂ ಒಂದೊಂದು ನಂಬರ್ ಇರ್ತದೆ. ಮನೆ ನಂಬರ್ ಇದ್ದಂಗೆ. ಹಳೇದ್ರದ್ದು ಐದು. ಹೊಸದ್ರಲ್ಲಿ ಐದು ಅಂತ ಹೊಡೆದಿದೀನಿ. ಇನ್ನು ನೀನು ಏನೂ ಮುಟ್ಟಬೇಡ. ಹೆಂಗಸ್ರು ಸೆಟ್ಟಿಂಗ್‌ಗೆ ಕೈ ಹಾಕಿದ್ರೆ ಆಮೇಲೆ ನನ್ನ ತಲೆಗೆ ಬತ್ತದೆ.”

ನಾನು ಮುಟ್ಟಲಿಲ್ಲ. ನನ್ನ ಮೇಲೆ ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ. ನೂರಾರು ಪುಸ್ತಕ, ಪತ್ರಿಕೆ ಮಾಡಿದ ಕೈ ಇದು. ಕಂಬ ಹತ್ತಿದವರು ಮುಟ್ಟಬೇಡ ಎಂದರೆಂದು ಎರಡು ತಿಂಗಳು ಕೈಕಟ್ಟಿ ಕುಳಿತೆ.

ತೊಂದರೆ ಮೊದಲ ವಾರದಲ್ಲೇ ಶುರುವಾಯಿತು. ಬೆಳಿಗ್ಗೆ ಎಲ್ಲಾ ಸರಿ ಇರುತ್ತಿತ್ತು. ಸ್ವಲ್ಪ ಹೊತ್ತು ಒಳಗೆ ಕುಳಿತು ಟೈಪ್ ಮಾಡಿ ಪ್ರಿಂಟ್ ಕೊಟ್ಟರೆ, ಆ ಕಂಪ್ಯೂಟರ್ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬರುತ್ತಿತ್ತು. ಗೋಡೆಯಾಚೆಗೆ ಕೂಗು ಹಾಕಿದರೆ ಭಾವ ಬರುತ್ತಿದ್ದರು. ಮುಂಗೋಣೆಯಲ್ಲಿ ಕುಳಿತು, ಮೌಸ್ ಹಿಡಿದು, ಅಲ್ಲಿ ಇಲ್ಲಿ ಒತ್ತಿ, ಗಂಟಲು ಸರಿಮಾಡಿಕೊಂಡು “ಈಗ ಕೊಡು” ಎನ್ನುತ್ತಿದ್ದರು. ಪ್ರಿಂಟ್ ಬರುತ್ತಿತ್ತು.

“ಏನು ಮಾಡಿದ್ರಿ ಭಾವ?”

“ಅದೆಲ್ಲ ಹೇಳಿದ್ರೆ ನಿಂಗೆ ಅರ್ಥ ಆಗಲ್ಲ.”

ಅವರಿಗೂ ಅರ್ಥವಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಒಮ್ಮೆ ತಂತಿ ಸರಿಯಿಲ್ಲ ಎಂದರು, ಒಮ್ಮೆ ವೈರಸ್ ಎಂದರು, ಇನ್ನೊಮ್ಮೆ ಮನೆಯ ಅರ್ಥಿಂಗ್ ಸರಿಯಿಲ್ಲವೆಂದು ಅಂಗಳದ ಗುಂಡಿಗೆ ಉಪ್ಪುನೀರು ಸುರಿಸಿದರು. ಬೀದಿಯಲ್ಲಿ ಮಾತ್ರ ಹೇಳಿದ್ದು ಒಂದೇ: “ನಮ್ಮ ತಮ್ಮನ ಹೆಂಡ್ತಿ ಕಂಪ್ಯೂಟರು ನಾನು ಹೋಗಿ ಕೂತ್ರೆ ಸಾಕು, ಸರಿಹೋಯ್ತದೆ.” ಹಾಲು ಹಾಕುವವಳು ಇದನ್ನು ನನಗೇ ಬಂದು ಹೇಳಿದಳು.

ಒಂದು ದಿನ ಪ್ರಿಂಟ್ ಹೋಗಲಿಲ್ಲ. ಭಾವನನ್ನು ಕೂಗುವ ಮೊದಲು, ಕತ್ತರಿ ಬೇಕಾಗಿ ಮುಂಗೋಣೆಗೆ ಹೋದೆ. ಡ್ರಾಯರ್ ಎಳೆದ ರಭಸಕ್ಕೆ ಮೇಜು ಅಲುಗಿ ಮೌಸ್ ಜಾರಿತು. ಕಂಪ್ಯೂಟರಿನೊಳಗಿನ ಫ್ಯಾನು ಗುರ್ ಎಂದು ತಿರುಗತೊಡಗಿತು. ಒಂದು ನಿಮಿಷವಾಗಿರಬಹುದು, ನಾನು ಒಳಗಿನಿಂದ ಕೊಟ್ಟಿದ್ದ ಹಾಳೆ ಪ್ರಿಂಟರಿನಿಂದ ತಾನಾಗಿ ಹೊರಬಂತು.

ಕತ್ತರಿ ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಇಷ್ಟೇನಾ? ಪರದೆ ಮಾತ್ರ ಕಪ್ಪಾಗುತ್ತದೆ ಎಂದುಕೊಂಡಿದ್ದೆ. ಆದರೆ ಇಡೀ ಕಂಪ್ಯೂಟರೇ ನಿದ್ದೆ ಹೋಗುತ್ತಿತ್ತು. ಸೆಟ್ಟಿಂಗ್ ತೆಗೆದು ನೋಡಿದೆ. ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ದರೆ ಮಲಗು ಎಂದು ಹಳೆಯದರಲ್ಲಿ ಇತ್ತು. ಹೊಸದರಲ್ಲಿ, ಚಾರ್ಜರ್ ಹಾಕಿರುವಷ್ಟು ಹೊತ್ತು ಮಲಗಲೇಬೇಡ ಎಂದು ಇತ್ತು. ಮೊದಲು ನಾನು ಹಳೆಯದರ ಮುಂದೆಯೇ ಕುಳಿತು ಕೆಲಸ ಮಾಡುತ್ತಿದ್ದೆ, ಅದಕ್ಕೆ ಮಲಗಲು ಪುರಸೊತ್ತೇ ಸಿಕ್ಕಿರಲಿಲ್ಲ. ಈಗ ನಾನು ಒಳಗೆ ಎಚ್ಚರವಾಗಿದ್ದರೆ ಅದು ಹೊರಗೆ ಮಲಗಿರುತ್ತಿತ್ತು. ಭಾವ ಬಂದು ಮೌಸ್ ಅಲುಗಿಸಿದರೆ ಏಳುತ್ತಿತ್ತು. ಅವರ ಎರಡು ತಿಂಗಳ ವಿದ್ಯೆಯೆಲ್ಲ ಅಷ್ಟೇ. ನಮ್ಮ ಬೆಕ್ಕು ಮೇಜು ಹತ್ತಿದ್ದರೂ ಆಗುತ್ತಿತ್ತು.

ಹಳೆಯದಕ್ಕೂ ಮಲಗಬೇಡ ಎಂದು ಹಾಕಿದೆ. ಆ ಸಂಜೆ ಭಾವ ಸೋಫಾದ ಮೇಲಿದ್ದಾಗ, ನಮ್ಮ ಮನೆಯವರ ಎದುರಿಗೇ, ಬೆಕ್ಕಿನ ಮಾತನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಭಾವ ಫೋನಿನಿಂದ ತಲೆ ಎತ್ತಲಿಲ್ಲ. “ನೋಡಾನ ಎಷ್ಟು ದಿನ ನಡೀತದೋ” ಎಂದರು.

ಎರಡೇ ದಿನ ನಡೆಯಿತು. ಮೂರನೆಯ ದಿನ ಮಧ್ಯಾಹ್ನ ಗುಡುಗು ಬಂತು. ಏಪ್ರಿಲ್‌ನಲ್ಲಿ ಇಲ್ಲಿ ಮೋಡ ಗುರುಗುಟ್ಟಿದರೆ ಸಾಕು, ಎಲ್ಲರೂ ಮೊದಲು ಪ್ಲಗ್‌ಗಳನ್ನು ಕೀಳುತ್ತಾರೆ. ನಾನೂ ಕಂಪ್ಯೂಟರ್, ಪ್ರಿಂಟರ್, ವೈಫೈ ಪೆಟ್ಟಿಗೆ ಎಲ್ಲವನ್ನೂ ಕಿತ್ತೆ. ಗುಡುಗು ನಿಂತ ಮೇಲೆ ಮೊದಲು ವೈಫೈ ಹಾಕಿದೆ. ಅದಕ್ಕೇ ಕಾದಿದ್ದವರಂತೆ ಭಾವ ಬಂದು ಸೋಫಾದಲ್ಲಿ ಕುಳಿತರು. ಕಾಫಿ ಕುಡಿದು ಹಳೆಯ ಕಂಪ್ಯೂಟರ್ ಹಾಕಿದೆ. ಒಳಗಿನಿಂದ ಪ್ರಿಂಟ್ ಕೊಟ್ಟರೆ, ಸಿಗುತ್ತಿಲ್ಲ. ಹೊರಗೆ ಬಂದು ನೋಡಿದೆ. ಹಳೆಯದು ಕಣ್ಣು ಬಿಟ್ಟುಕೊಂಡೇ ಇತ್ತು.

“ನಿದ್ದೆ ಮಾಡ್ತಿಲ್ವಲ್ಲಮ್ಮ, ಈಗೇನಂತೀಯ?” ಭಾವನ ಮುಖ ನೋಡಬೇಕಿತ್ತು, ಮಗಳ ಮದುವೆಯಲ್ಲೂ ಅವರು ಹಾಗೆ ಬೆಳಗಿರಲಿಲ್ಲ.

ಅದೇ ಹೊತ್ತಿಗೆ ನಾಪೋಕ್ಲು ಕಡೆಯ ನಿವೃತ್ತ ಸುಬೇದಾರರೊಬ್ಬರು ಬಂದರು. ಅವರ ಒಕ್ಕದ, ಎಂದರೆ ಇಡೀ ಮನೆತನದ, ವಂಶಾವಳಿಯ ಪುಸ್ತಕ ನನ್ನ ಕೈಯಲ್ಲಿತ್ತು. ಎಪ್ಪತ್ತು ಪುಟ, ಪುಟದ ತುಂಬ ಹೆಸರುಗಳು, ಯಾರು ಯಾರ ಮಗ ಎಂದು ತೋರಿಸುವ ಗೆರೆಗಳು. ಮುದ್ರಣಕ್ಕೆ ಕೊಡುವ ಮೊದಲು ಕೊನೆಯ ಸಲ ಓದಲು ಹಾಳೆಗಳನ್ನು ಒಯ್ಯಲು ಬಂದಿದ್ದರು.

“ಎಂತ ಆಯ್ತು?” ಎಂದರು ಸುಬೇದಾರರು.

ಉತ್ತರ ಕೊಟ್ಟದ್ದು ಭಾವ. “ಏನಿಲ್ಲ ಸಾರ್, ಹಳೇ ಮಷೀನು ಕೆಟ್ಟೋಗಿದೆ. ಫಾರ್ಮ್ಯಾಟ್ ಹೊಡೀಬೇಕು. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಿಟ್ರೆ ಮುಗೀತು.” ಹಾಗೆನ್ನುತ್ತಾ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಕುರ್ಚಿ ಎಳೆದುಕೊಂಡರು.

“ಅದರೊಳಗೆ ಇವರ ಪುಸ್ತಕ ಇದೆ ಭಾವ.”

“ಇರ್ಲಿ ಬಿಡಮ್ಮ. ಇನ್ನೊಂದ್ಸಲ ಟೈಪ್ ಮಾಡ್ಕೊಂಡ್ರಾಯ್ತು. ನಿನ್ನ ಕೆಲಸ ಅದೇ ಅಲ್ವ?”

ಸುಬೇದಾರರು ಮೆತ್ತಗೆ, “ಎರಡು ವರ್ಷ ಸುತ್ತಿ ಆ ಹೆಸರುಗಳನ್ನು ಬರೆಸಿಕೊಂಡು ಬಂದಿದ್ದೇನೆ ಮಾರಾಯ್ರೆ. ಕೆಲವರು ಈಗ ಇಲ್ಲ” ಎಂದರು. ನಾನು ಕೀಬೋರ್ಡನ್ನು ಭಾವನ ಕೈಯಿಂದ ಎಳೆದು ಕಂಕುಳಲ್ಲಿ ಇಟ್ಟುಕೊಂಡೆ. ಬಾಯಿ ಬಿಟ್ಟಿದ್ದರೆ ಆ ಗೋಡೆಯ ಆಚೆಗೂ ಈಚೆಗೂ ಸಂಬಂಧ ಉಳಿಯುತ್ತಿರಲಿಲ್ಲ. ಭಾವ ಎದ್ದು ಸೋಫಾಕ್ಕೆ ಹೋದರು, ಆದರೆ ಮನೆಗೆ ಹೋಗಲಿಲ್ಲ. ನಾನು ಸೋಲುವುದನ್ನು ನೋಡದೆ ಹೋಗುವ ಮನಸ್ಸಿರಲಿಲ್ಲ.

ಹಳೆಯದರ ಮುಂದೆ ಕುಳಿತೇ ಪ್ರಿಂಟ್ ತೆಗೆಯಬಹುದಿತ್ತು, ಆದರೆ ಭಾವನ ಎದುರಿಗೆ ಕಾರಣ ತಿಳಿಯದೆ ಬಿಡುವ ಮನಸ್ಸು ನನಗೂ ಇರಲಿಲ್ಲ. ಹಳೆಯದರಲ್ಲಿ ಅದರ ನಂಬರು ಹುಡುಕಿ ನೋಡಿದೆ. ಕೊನೆಯಲ್ಲಿ ಎಂಟು ಎಂದಿತ್ತು. ಭಾವ ಹೊಸದರಲ್ಲಿ ಹೊಡೆದಿದ್ದು ಐದು. ಹೊಸ ಕಂಪ್ಯೂಟರ್ ಅಷ್ಟು ಹೊತ್ತಿನಿಂದ ಐದನೆಯ ಮನೆಯ ಬಾಗಿಲು ತಟ್ಟುತ್ತಿತ್ತು, ಹಳೆಯದು ಎಂಟನೆಯದಕ್ಕೆ ಹೋಗಿತ್ತು. ಹಾಗಾದರೆ ಐದರಲ್ಲಿ ಯಾರಿದ್ದಾರೆ?

ಇಂಟರ್ನೆಟ್ ಕೊಟ್ಟ ಕೇಬಲ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿನ ಹೆಣ್ಣುಮಗಳು, “ಪೆಟ್ಟಿಗೆ ತಿರುಗಿಸಿ ಮೇಡಂ, ಅಡಿಯಲ್ಲಿ ಸ್ಟಿಕ್ಕರ್ ಉಂಟು. ಅದರಲ್ಲಿರುವ ಅಡ್ರೆಸ್ ಬ್ರೌಸರಲ್ಲಿ ತೆರೆದು, ಅಲ್ಲೇ ಇರುವ ಪಾಸ್‌ವರ್ಡ್ ಹಾಕಿದರೆ ಯಾರ್ಯಾರಿಗೆ ಯಾವ ನಂಬರ್ ಹೋಗಿದೆ ಅಂತ ಲಿಸ್ಟ್ ಬರ್ತದೆ” ಎಂದಳು. ಐದು ನಿಮಿಷದಲ್ಲಿ ಅವಳು ಹೇಳಿದ್ದು, ಭಾವ ಇಷ್ಟು ದಿನದಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿತ್ತು.

ಪಟ್ಟಿ ತೆರೆಯಿತು. ನಾಲ್ಕು ಸಾಲು. ನನ್ನ ಫೋನು, ಹೊಸ ಕಂಪ್ಯೂಟರ್, ಎಂಟರಲ್ಲಿ ಹಳೆಯದು. ಐದನೆಯ ನಂಬರಿನ ಎದುರಿಗಿದ್ದ ಹೆಸರನ್ನು ಸುಬೇದಾರರು ಕನ್ನಡಕ ಮೂಗಿನ ಮೇಲೆ ಇಳಿಸಿ ಜೋರಾಗಿ ಓದಿದರು.

“ಇಂಜಿನಿಯರ್. ಇದು ಯಾರು?”

ಭಾವ ತಮ್ಮ ಫೋನಿಗೆ ಅದೇ ಹೆಸರಿಟ್ಟುಕೊಂಡಿದ್ದರು.

ಸೋಫಾದ ಕಡೆಯಿಂದ ಬರುತ್ತಿದ್ದ ವಿಡಿಯೋದ ಸದ್ದು ನಿಂತಿತು. ನಾನು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ನಿಧಾನವಾಗಿ, ಸುಬೇದಾರರಿಗೆ ವಿವರಿಸುವ ನೆಪದಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ.

“ಸಿಡಿಲಿಗೆ ಕಿತ್ತು ಮತ್ತೆ ಹಾಕಿದರೆ ಈ ಪೆಟ್ಟಿಗೆ ಹಳೇದೆಲ್ಲ ಮರೆತುಬಿಡುತ್ತೆ ಸಾರ್. ಖಾಲಿ ಇರೋ ನಂಬರನ್ನ ಮೊದಲು ಬಂದು ಕೇಳಿದವರಿಗೆ ಕೊಡುತ್ತೆ. ಕಂಪ್ಯೂಟರ್ ಹಾಕೋದರೊಳಗೆ ನಮ್ಮ ಭಾವ ವಿಡಿಯೋ ನೋಡೋಕೆ ಬಂದು ಕೂತಿರುತ್ತಾರೆ. ಐದು ಅವರ ಜೇಬಿಗೆ ಹೋಗುತ್ತೆ. ಇದನ್ನೇ ರಿಪೇರಿ ಮಾಡೋಕೆ ಅವರು ನಿಮ್ಮ ಪುಸ್ತಕ ಅಳಿಸೋದರಲ್ಲಿದ್ದರು.”

ಸುಬೇದಾರರು ನಗಲಿಲ್ಲ. ಮುಖ ಬೇರೆ ಕಡೆಗೆ ತಿರುಗಿಸಿ, “ಆರಾಮ್‌ಸೆ ಮಾಡಿ, ಅವಸರ ಇಲ್ಲ” ಎಂದರು. ಭಾವ ಎದ್ದು ಹೋದರು. ಬಾಗಿಲು ದಾಟುವಾಗ ಕಂಬಿಯ ಮೇಲಿನ ಟವೆಲ್ ಬಿತ್ತು, ಎತ್ತಿಡಲಿಲ್ಲ.

ಅದೇ ಪುಟದಲ್ಲಿ ಐದನೆಯ ನಂಬರನ್ನು ಹಳೆಯ ಕಂಪ್ಯೂಟರಿಗೇ ಕಾಯ್ದಿರಿಸುವ ಜಾಗವಿತ್ತು. ಕಾಯ್ದಿರಿಸಿ, ಎಲ್ಲವನ್ನೂ ಒಮ್ಮೆ ಆರಿಸಿ ಹಾಕಿದೆ. ಎಪ್ಪತ್ತು ಪುಟಗಳೂ ಬಂದವು. ಸುಬೇದಾರರು ಕಾಫಿ ಕುಡಿದು ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಸ್ಸು ಹಿಡಿದರು.

ಸಂಜೆ ನಮ್ಮ ಮನೆಯವರಿಗೆ ವಿಷಯ ಗೊತ್ತಾಗಿ, “ಹೊರಗಿನವರ ಮುಂದೆ ಅಷ್ಟು ಹೇಳ್ಬೇಕಿತ್ತಾ?” ಎಂದರು.

“ಬೀದಿಯವರ ಮುಂದೆಲ್ಲ ಅವರು ನನ್ನ ಬಗ್ಗೆ ಹೇಳ್ಕೊಂಡು ತಿರುಗಿದ್ದು ನಿಮಗೆ ಕೇಳ್ಸಿರಲಿಲ್ವ?” ಎಂದೆ.

ಅವರು ಊಟ ಮಾಡಿ ಮಲಗಿದರು. ನನಗೂ ಆ ದಿನ ಅಂದುಕೊಂಡಷ್ಟು ಖುಷಿಯಾಗಲಿಲ್ಲ. ಭಾವ ಹುಂಬರು, ಸರಿ. ಆದರೆ ಅವರು ಮೌಸ್ ಹಿಡಿದು ಗಂಟಲು ಸರಿಮಾಡಿಕೊಂಡಾಗಲೆಲ್ಲ ಕೈಕಟ್ಟಿ ನಿಂತು ಏನು ಮಾಡಿದ್ರಿ ಭಾವ ಎಂದು ಕೇಳಿದವಳು ನಾನೇ. ಆ ಹುಂಬತನಕ್ಕೆ ಕುರ್ಚಿ ಹಾಕಿಕೊಟ್ಟವಳ ಮೇಲೂ ಅಷ್ಟೇ ತಾತ್ಸಾರ ಹುಟ್ಟಿತು.

ಭಾವ ನಮ್ಮ ಮನೆಗೆ ಬರುವುದು ನಿಂತಿತು. ಹದಿನೈದು ದಿನದಲ್ಲಿ ತಮ್ಮ ಮನೆಗೇ ಇಂಟರ್ನೆಟ್ ಹಾಕಿಸಿಕೊಂಡರು, ಮೊಮ್ಮಗಳ ಶಾಲೆಯ ಪ್ರಾಜೆಕ್ಟಿಗೆಂದು ವೈಫೈ ಪ್ರಿಂಟರನ್ನೂ ತಂದರು. ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ನನ್ನ ಓರಗಿತ್ತಿ ಹಿತ್ತಲ ಬಾಗಿಲಿಗೆ ಬಂದಳು.

“ನಾಲ್ಕು ದಿನದಿಂದ ಆ ಪ್ರಿಂಟರ್ ಸಿಗ್ತಾ ಇಲ್ಲ ಕಣೆ. ನಿಮ್ಮ ಭಾವ ಮೂರು ಸಲ ಬಿಚ್ಚಿ ಜೋಡಿಸಿದ್ರು. ಮಗು ಅಳ್ತಾ ಕೂತಿದೆ. ನಾನು ಕರೆದೆ ಅನ್ನಬೇಡ, ಸುಮ್ನೆ ಬಂದಂಗೆ ಬಾ.”

ಸುಮ್ಮನೆ ಬಂದಂತೆ ಹೋದೆ. ಭಾವ ಪೇಪರ್ ಓದುತ್ತಿದ್ದರು, ಪೇಪರ್ ಇಳಿಸಲಿಲ್ಲ. ಪ್ರಿಂಟರಿನ ನಂಬರು ಬದಲಾಗಿತ್ತು. ಅದಕ್ಕೊಂದು ನಂಬರು ಕಾಯ್ದಿರಿಸಿ, ಮಗುವಿನ ಎರಡು ಹಾಳೆ ತೆಗೆದುಕೊಟ್ಟೆ. ಇಡೀ ಕೆಲಸಕ್ಕೆ ಕಾಲು ಗಂಟೆ ಹಿಡಿಯಿತು.

ಪೇಪರಿನ ಹಿಂದಿನಿಂದ ಭಾವ, “ನಾನೂ ಇವತ್ತು ಅದನ್ನೇ ಮಾಡಾನ ಅಂತಿದ್ದೆ” ಎಂದರು.

ಓರಗಿತ್ತಿ ನನ್ನ ಮುಖ ನೋಡಿದಳು. ನಾನು ಅವಳು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಟೈಪಿಂಗ್ ಬಾಕಿಯಿದ್ದುದರಿಂದ ಮನೆಗೆ ಬಂದೆ.