ಚೀಟಿ ಅಣ್ಣನ ಕಿವಿ

ನಮ್ಮಣ್ಣನನ್ನು ಹುಡುಕಿಕೊಂಡು ಬರುವವರು ಯಾರೂ ಅವನ ಹೆಸರು ಹಿಡಿದು ಕೇಳುವುದಿಲ್ಲ. ‘ಚೀಟಿ ಅಣ್ಣ ಇದ್ದಾರಾ?’ ಎನ್ನುತ್ತಾರೆ. ಹದಿನಾರು ವರ್ಷದಿಂದ ಅವನಿಗೆ ಅದೇ ಹೆಸರು. ಅಂಗಡಿಗೇನೋ ಬೋರ್ಡಿದೆ, ಆದರೆ ಅರ್ಧ ಅಕ್ಷರ ಉದುರಿ ಹೋಗಿ ಅದನ್ನು ಯಾರೂ ಓದುವುದಿಲ್ಲ.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಮುಂಭಾಗ ಅವನದು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಮಲಗುವ ಕೋಣೆಯಲ್ಲೋ ಗ್ಯಾರೇಜಿನಲ್ಲೋ ಹಾಡಿ ರೆಕಾರ್ಡ್ ಮಾಡಿಕೊಂಡ ಪುಟ್ಟ ತಂಡಗಳ ಕ್ಯಾಸೆಟ್ಟು, ಸೀಡಿಗಳು ಅಲ್ಲಿರುತ್ತವೆ. ಒಂದು ಕಂಬಿಯ ತುಂಬ ಹಳೆಯ ಜಾಕೆಟ್ಟು, ಶರ್ಟುಗಳು. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಕಾಲೇಜಿನವರು ತಾವೇ ಬರೆದು ಜೆರಾಕ್ಸ್ ಮಾಡಿಸಿದ ಕಾಮಿಕ್ಸ್. ಹಸಿರು ಪರದೆಯ ಹಿಂದಿನದು ನನ್ನ ಜಾಗ. ಹೊಲಿಗೆ ಮಷಿನ್, ಇಸ್ತ್ರಿ ಮೇಜು, ಎರಡು ಸ್ಟೂಲು. ಪ್ಯಾಂಟು ಗಿಡ್ಡ ಮಾಡುವುದು, ಜಾಕೆಟ್ಟಿಗೆ ಒಳಪದರ ಹಾಕುವುದು, ಜಿಪ್ ಬದಲಾಯಿಸುವುದು ನನ್ನ ಕೆಲಸ. ನನ್ನ ಭಾಗಕ್ಕೆಲ್ಲ ಸೇರಿ ಇರುವುದು ಒಂದೇ ಪ್ಲಗ್ ಪಾಯಿಂಟ್. ಮಷಿನ್ನಿನ ಮೋಟಾರಿಗೂ ಇಸ್ತ್ರಿ ಪೆಟ್ಟಿಗೆಗೂ ಟೇಪ್ ರೆಕಾರ್ಡರಿಗೂ ಅದೇ ಗತಿ; ಒಂದನ್ನು ಕಿತ್ತು ಇನ್ನೊಂದನ್ನು ಹಾಕಬೇಕು.

ಅಣ್ಣ ತಾನು ಮೆಚ್ಚಿದ ಪ್ರತಿ ವಸ್ತುವಿಗೂ ಒಂದು ಚೀಟಿ ಬರೆದು, ನನ್ನ ಮಷಿನ್ನಿನ ಕೆಳಗೆ ಬಿದ್ದ ತುಂಡು ದಾರದಲ್ಲಿ ಕಟ್ಟಿ ಕಿಟಕಿಯಲ್ಲಿ ನೇತುಹಾಕುತ್ತಾನೆ. ಚೀಟಿಯಲ್ಲಿ ‘ಚೆನ್ನಾಗಿದೆ’ ಎಂಬ ಪದ ಇರಕೂಡದು. ಯಾರಿಗೆ ಚೆನ್ನಾಗಿದೆ ಎಂದು ಬರೆಯಬೇಕು. ‘ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಗದವರಿಗೆ.’ ‘ರಾಜೀನಾಮೆ ಪತ್ರ ಬರೆದು ಇನ್ನೂ ಕೊಡದವರಿಗೆ.’ ಯಾರಾದರೂ ಇದು ಎಲ್ಲರಿಗೂ ಹಿಡಿಸುತ್ತದೆ ಎಂದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. “ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ ಅಂತ ಅರ್ಥ” ಎನ್ನುತ್ತಿದ್ದ.

ಒಮ್ಮೆ ಎದುರಿನ ಬ್ಯಾಂಕಿನ ವಾಚ್‌ಮನ್ ಕಪ್ಪು ಜಾಕೆಟ್ ಕೇಳಿಕೊಂಡು ಬಂದ. ಅಣ್ಣ ಅವನನ್ನು ಮೇಲಿನಿಂದ ಕೆಳಗೆ ನೋಡಿ ಹಳದಿ ಶರ್ಟೊಂದನ್ನು ಕೈಗಿಟ್ಟ. “ನಾನೇನು ನಾಟಕದವನಾ?” ಎಂದು ಆತ ರೇಗಿದ. “ದಿನವಿಡೀ ಯೂನಿಫಾರ್ಮ್ ಹಾಕೋರು ರಜೆ ದಿನಾನೂ ಕಪ್ಪು ಹಾಕಿದ್ರೆ ಮನೇಲಿ ಮಕ್ಕಳು ಹತ್ರ ಬರಲ್ಲ” ಎಂದ ಅಣ್ಣ. ವಾಚ್‌ಮನ್ ಗೊಣಗುತ್ತಲೇ ಒಯ್ದ. ಮುಂದಿನ ತಿಂಗಳು ಬಂದು ಹಸಿರುಬಣ್ಣದ್ದು ಇದೆಯಾ ಎಂದು ಕೇಳಿದ. ಫೋನಿನಲ್ಲಿ ಬಿಟ್ಟಿಯಾಗಿ ಲಕ್ಷ ಹಾಡು ಸಿಗುವ ಕಾಲದಲ್ಲೂ ಜನ ನಮ್ಮ ಅಂಗಡಿಗೆ ಬರುತ್ತಿದ್ದದ್ದು ಈ ಕಾರಣಕ್ಕೆ.

ಅವನಿಗೆ ನಿಜವಾದ ಕಿವಿಯಿತ್ತು. ಅದರ ಬಗ್ಗೆ ನಾನು ಸುಳ್ಳಾಡಲಾರೆ. ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸಿನೊಂದಿಗೆ ನಾನು ವಾಪಸು ಬಂದಾಗ ಎರಡು ತಿಂಗಳು ಯಾರೊಂದಿಗೂ ಮಾತಾಡಿರಲಿಲ್ಲ. ಅಮ್ಮ ಅತ್ತಳು, ಬೈದಳು, ಸುಮ್ಮನಾದಳು. ಅಣ್ಣ ಆಗ ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವವರ ಹತ್ತಿರ ಕೆಲಸಕ್ಕಿದ್ದ. ಒಂದು ದಿನ ಮನೆಯ ಹೊಲಿಗೆ ಮಷಿನ್ ಮೇಲೆ ಒಂದು ಕ್ಯಾಸೆಟ್, ಅದಕ್ಕೊಂದು ಚೀಟಿ ಇಟ್ಟು ಹೋಗಿದ್ದ: ‘ಮಾತಾಡಲು ಇಷ್ಟವಿಲ್ಲದವಳಿಗೆ. ಎರಡನೇ ಬದಿ, ಮೂರನೇ ಹಾಡು.’ ಅದನ್ನು ಏಳು ಸಲ ಕೇಳಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹಸಿವಾಗಿದೆ ಎಂದೆ. ಅವನು ಬರೆದ ಮೊದಲ ಚೀಟಿ ಅದು. ಈಗಲೂ ನನ್ನ ಬಾಬಿನ್ ಡಬ್ಬಿಯಲ್ಲಿದೆ.

ಅದೇ ಸ್ಪೀಕರುಗಳು ಅವನ ಕಿವಿಯನ್ನು ತಿಂದವು. ನನಗೆ ತಿಳಿದದ್ದು ಐದು ವರ್ಷದ ಕೆಳಗೆ. ಟೇಪ್ ರೆಕಾರ್ಡರಿನೊಳಗೆ ಕ್ಯಾಸೆಟ್ಟಿನ ಟೇಪು ಸಿಕ್ಕಿಹಾಕಿಕೊಂಡು ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚುತ್ತಿತ್ತು. ಅಣ್ಣ ಎದುರಿಗೇ ಕಣ್ಣು ಮುಚ್ಚಿ ಕೂತು ತಲೆದೂಗುತ್ತಿದ್ದ. ನಾನು ಹೋಗಿ ಅವನ ಭುಜ ಮುಟ್ಟಿದೆ. ಕಣ್ಣು ಬಿಟ್ಟವನು ನನ್ನ ಮುಖ ನೋಡಿದೊಡನೆ ಮಗುವಿನ ಹಾಗೆ ಅತ್ತುಬಿಟ್ಟ.

“ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ಹೇಗೋ ಗೊತ್ತಾಗುತ್ತೆ ಪುಟ್ಟಿ. ಹಾಡು ಮಾತ್ರ ಬರೀ ಗದ್ದಲ. ಯಾರಿಗೂ ಹೇಳಬೇಡ. ಈ ಕಿವಿ ಬಿಟ್ರೆ ನನ್ನ ಹತ್ರ ಏನಿದೆ?”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಂದಿನಿಂದ ಹೊಸ ಕ್ಯಾಸೆಟ್ ಬಂದರೆ ಮಷಿನ್ನಿನ ಪ್ಲಗ್ ಕಿತ್ತು ಟೇಪ್ ರೆಕಾರ್ಡರ್ ಹಾಕಿ, ಹೆಡ್‌ಫೋನ್ ಇಟ್ಟುಕೊಂಡು ನಾನು ಕೇಳುತ್ತಿದ್ದೆ. ಅವನು ಎದುರಿನ ಸ್ಟೂಲಿನಲ್ಲಿ ಪೆನ್ನು ಹಿಡಿದು ಕೂರುತ್ತಿದ್ದ. ನನಗೆ ಸಂಗೀತದ ಪಾಠವೆಲ್ಲಿ ಆಗಿತ್ತು? ಗೊತ್ತಿದ್ದದ್ದು ಬಟ್ಟೆಯೊಂದೇ. “ಇದು ಹೊರಗಿಂದ ನೋಡಿದ್ರೆ ಒರಟು ಕೋಟು ಅಣ್ಣ, ಒಳಪದರ ಮಾತ್ರ ರೇಷ್ಮೆ.” “ಈ ಹುಡುಗನ ದನಿಗೆ ಅಂಚು ಹೊಲಿದಿಲ್ಲ, ದಾರ ಬಿಟ್ಟಿದೆ. ಬಿಟ್ಟಿರ್ಲಿ, ಅದೇ ಚೆಂದ.” “ಡ್ರಮ್ಮು ಇವಳ ಅಳತೆಗೆ ಎರಡಿಂಚು ದೊಡ್ಡದಾಯ್ತು, ಹಾಡು ಒಳಗೆಲ್ಲೋ ಕಳೆದುಹೋಗಿದೆ.” ನಾನು ಹೇಳಿದ್ದನ್ನು ಅವನು ಹಾಗೆಯೇ ಬರೆದುಕೊಂಡು, ಯಾರಿಗೆ ಎಂಬುದನ್ನು ಮಾತ್ರ ತಾನು ಸೇರಿಸುತ್ತಿದ್ದ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೀಗೆ ಅಣ್ಣ ತಂಗಿ ಸೇರಿ ಊರಿನವರ ಕಿವಿಗೆಲ್ಲ ಹೂವಿಟ್ಟೆವು ಎನ್ನಿ. ಆದರೆ ಚೀಟಿಯಲ್ಲಿದ್ದ ಮಾತು ಸುಳ್ಳಾಗಿರಲಿಲ್ಲ. ಹಾಡಿಗೆ ಬಟ್ಟೆಯ ಭಾಷೆ ಬಂದ ಮೇಲೆ ಚೀಟಿಗಳ ಖ್ಯಾತಿ ಇನ್ನೂ ಹೆಚ್ಚಿತು. ಜನ ಅವುಗಳ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸತೊಡಗಿದರು. ಪರದೆಯ ಹಿಂದೆ ಕೂತು ಹೊಗಳಿಕೆ ಕೇಳುವಾಗ ಒಳಗೊಳಗೇ ಖುಷಿಯಾಗುತ್ತಿತ್ತು. ಎಲೆಮರೆಯ ಕಾಯಿಯಾಗಿರಲು ನನಗೇನೂ ಬೇಸರವಿರಲಿಲ್ಲ. ಅಣ್ಣನಿಗಂತೂ ಗೊತ್ತಲ್ಲ ಎಂಬ ಒಂದೇ ಸಮಾಧಾನ ಸಾಕಿತ್ತು.

ಹೀಗಿರುವಾಗ ರೇಡಿಯೋದಿಂದ ಒಬ್ಬಾಕೆ ಅಣ್ಣನನ್ನು ಮಾತಾಡಿಸಲು ಬಂದಳು. ಕೌಂಟರಿನ ಮೇಲೆ ರೆಕಾರ್ಡರ್ ಇಟ್ಟು, ಪರದೆ ಸರಿಸಿ ನನ್ನತ್ತ ಇಣುಕಿ, “ಆ ಹೊಲಿಗೆ ಮಷಿನ್ ಸ್ವಲ್ಪ ಹೊತ್ತು ನಿಲ್ಲಿಸ್ತೀರಾ? ಸದ್ದು ಬರುತ್ತೆ” ಎಂದಳು. ನಿಲ್ಲಿಸಿದೆ. ಒಂದು ಪ್ಯಾಂಟಿನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಾ ಕೂತೆ.

ಅಣ್ಣ ಚೆನ್ನಾಗಿಯೇ ಮಾತಾಡಿದ. ಆಕೆಯ ತುಟಿಯನ್ನೇ ನೋಡುತ್ತಿದ್ದದ್ದು ಗಮನವಿಟ್ಟು ಕೇಳುವ ಸಜ್ಜನಿಕೆಯ ಹಾಗೆ ಕಾಣುತ್ತಿತ್ತು. ಆಮೇಲೆ ಆಕೆ ಕೇಳಿದಳು: “ಎಲ್ಲರೂ ಹೇಳೋದು ಒಂದೇ. ಹಾಡನ್ನ ಬಟ್ಟೆ ಥರ ಮುಟ್ಟಿ ನೋಡೋ ಹಾಗೆ ಬರೀತೀರಿ ಅಂತ. ಈ ಭಾಷೆ ಎಲ್ಲಿಂದ ಬಂತು?”

ಅಣ್ಣ ಪರದೆಯ ಕಡೆ ನೋಡಿದ. ಸಂದಿಯಲ್ಲಿ ನಮ್ಮಿಬ್ಬರ ಕಣ್ಣು ಕೂಡಿದವು. ಈಗ ಹೇಳುತ್ತಾನೆ ಎಂದುಕೊಂಡೆ. ಕಿವಿಯ ಗುಟ್ಟನ್ನು ಬಿಚ್ಚಬೇಕಾಗಿರಲಿಲ್ಲ. ‘ಅವು ನಮ್ಮ ತಂಗಿಯ ಮಾತುಗಳು’ ಎಂದಿದ್ದರೆ ಮುಗಿಯುತ್ತಿತ್ತು.

“ಅದು ನನ್ನ ಕಿವಿಗೆ ಹಾಗೇ ಬೀಳುತ್ತೆ” ಎಂದ.

“ಒಳಗಿರೋರು ನಿಮ್ಮ ತಂಗಿ ಅಲ್ವಾ? ಅವರ ಜೊತೆ ಹಾಡಿನ ಬಗ್ಗೆ ಮಾತಾಡ್ತೀರಾ?”

ಅಣ್ಣ ನಕ್ಕ. “ಅವಳು ಬಟ್ಟೆ ಹೊಲೀತಾಳೆ, ಅಷ್ಟೇ. ಹಾಡಿನ ಗಂಧಗಾಳಿ ಇಲ್ಲ ಅವಳಿಗೆ, ಪಾಪ.”

ಮೊದಲ ಮಾತನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ, ಆ ‘ಪಾಪ’ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೆಸರೆಲ್ಲ ನನ್ನ ಕೈಗೆ, ಮೊಸರೆಲ್ಲ ಅವನ ಬಾಯಿಗೆ.

ಆಕೆ ಹೋದ ಮೇಲೆ ಅವನ ಎದುರಿಗೆ ನಿಂತೆ, ತುಟಿ ಕಾಣುವ ಹಾಗೆ. “ಯಾಕೆ ಹಾಗಂದೆ?”

“ನಿನ್ನ ಹೆಸರು ಎತ್ತಿದ್ರೆ ಒಂದಕ್ಕೊಂದು ಸೇರಿಸಿ ಕೇಳ್ತಿದ್ರು. ಅನುಮಾನ ಬರ್ತಿತ್ತು.”

“ಹೆಸರು ಎತ್ತದಿದ್ರೆ ಹೋಗ್ಲಿ. ಗಂಧಗಾಳಿ ಇಲ್ಲ ಅಂತ ಯಾಕೆ ಅನ್ನಬೇಕಿತ್ತು?”

“ಅಯ್ಯೋ, ಮನೆಯೋರ ಮಧ್ಯ ಇದೇನು ಲೆಕ್ಕಾಚಾರ” ಎಂದು ಜಾಕೆಟ್ಟುಗಳನ್ನು ಸರಿಪಡಿಸತೊಡಗಿದ.

ಕಾರ್ಯಕ್ರಮ ಪ್ರಸಾರವಾದ ಮಾರನೇ ದಿನ ಪಕ್ಕದ ಲಾಂಡ್ರಿಯಾಕೆ ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿ, “ಅಂಥ ಅಣ್ಣನ ಪಕ್ಕದಲ್ಲಿದ್ದೂ ನಿಮಗೆ ಹಾಡಿನ ಗಂಧಗಾಳಿ ಇಲ್ವಂತಲ್ರೀ!” ಎಂದು ನಕ್ಕಳು. ನಾನೂ ನಕ್ಕೆ. ಏನು ಹೇಳಲಿ? ನಾನು ಬಾಯಿಬಿಟ್ಟರೆ ಅವನ ಅಂಗಡಿ ಮುಳುಗುತ್ತದೆ, ಬಿಡದಿದ್ದರೆ ನಾನು ಮುಳುಗುತ್ತೇನೆ. ನಿನ್ನನ್ನು ನಂಬಿದ್ದೆ ಅಣ್ಣ, ಕೊನೆಗೆ ನೀನೇ ಕೈ ಕೊಟ್ಟೆ. ಈ ಮಾತನ್ನು ಅಂದಿನಿಂದ ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ. ಮುಖ ನೋಡಿದರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಮೂರು ವಾರ ಹೊಸ ಕ್ಯಾಸೆಟ್ ಯಾವುದೂ ಬರಲಿಲ್ಲ. ನಾಲ್ಕನೇ ವಾರ ರೇಡಿಯೋ ಕೇಳಿದ್ದ ಇಬ್ಬರು ಹುಡುಗಿಯರು ಬಂದರು, ಅಕ್ಕ ತಂಗಿ. ಇಬ್ಬರೂ ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವವರು. ಕೆಲಸ ಮುಗಿಸಿ ಗ್ಯಾರೇಜಿನಲ್ಲಿ ಹಾಡಿ, ಒಂದು ವರ್ಷ ಕಷ್ಟಪಟ್ಟು ಒಂದು ಕ್ಯಾಸೆಟ್ ಮಾಡಿದ್ದರು. ಆರು ಪ್ರತಿ ಕೌಂಟರಿನ ಮೇಲಿಟ್ಟರು.

“ನಿಮ್ಮ ಕಿವಿ ಏನು ಹೇಳುತ್ತೋ ಅದೇ ಸರಿ ಅಂದ್ಕೊಂಡಿದೀವಿ ಅಂಕಲ್” ಎಂದಳು ದೊಡ್ಡವಳು. “ನಿಮ್ಮ ಚೀಟಿ ಸಿಗ್ಲಿಲ್ಲ ಅಂದ್ರೆ ಹಾಡೋದನ್ನೇ ಇಲ್ಲಿಗೆ ಬಿಡ್ತೀವಿ.”

“ಸಾಯಂಕಾಲ ಬನ್ನಿ” ಎಂದ ಅಣ್ಣ.

ಅವರು ಹೋದೊಡನೆ ಅವನು ಪರದೆ ಸರಿಸಿ ಬಂದು ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ, ಹೆಡ್‌ಫೋನನ್ನು ನನ್ನ ಮಷಿನ್ ಮೇಲಿಟ್ಟು, ಏನೂ ಆಗದವನಂತೆ ಸ್ಟೂಲಿನಲ್ಲಿ ಪೆನ್ನು ಹಿಡಿದು ಕೂತ.

“ನನಗೆ ಹಾಡಿನ ಗಂಧಗಾಳಿ ಇಲ್ಲ. ನಿನ್ನ ಕಿವಿಗೆ ಹೇಗೆ ಬೀಳುತ್ತೋ ಕೇಳ್ಕೋ” ಎಂದೆ.

ಅವನ ಮುಖ ಕೆಂಪಾಯಿತು. “ನನ್ನ ಕಿವಿ ಪೂರ್ತಿ ಹೋಗಿಲ್ಲ, ತಿಳ್ಕೋ” ಎಂದವನೇ ಹೆಡ್‌ಫೋನ್ ಎತ್ತಿ ಹಾಕಿಕೊಂಡು ಗುಂಡಿ ಒತ್ತಿದ. ಹಳೆಯ ರೂಢಿಯಂತೆ ಕಣ್ಣು ಮುಚ್ಚಿದ. ತಲೆದೂಗತೊಡಗಿದ. ಸ್ವಲ್ಪ ಹೊತ್ತಿಗೆ ಬೆರಳು ಮಂಡಿಯ ಮೇಲೆ ತಾಳ ಹಾಕಿತು. ಒಂದು ಕಡೆ ತುಟಿಯಂಚಿನಲ್ಲಿ ನಕ್ಕ ಕೂಡ.

ನಾನು ನೋಡುತ್ತಲೇ ಇದ್ದೆ. ನನ್ನ ಮಷಿನ್ನಿನ ಪುಟ್ಟ ದೀಪ ಉರಿಯುತ್ತಿತ್ತು. ಪ್ಲಗ್ ಪಾಯಿಂಟಿನಲ್ಲಿದ್ದದ್ದು ಮಷಿನ್ನಿನ ಪ್ಲಗ್. ಟೇಪ್ ರೆಕಾರ್ಡರಿನದು ನನ್ನ ಕಾಲ ಬಳಿ ನೆಲದ ಮೇಲೆ ಬಿದ್ದಿತ್ತು. ಆ ಹಳೆಯ ಗದ್ದಲಕ್ಕೂ ಮೌನಕ್ಕೂ ಈಗ ಅವನಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ಊರಿನ ಎದುರು ನಟಿಸಲಿ, ರೇಡಿಯೋ ಎದುರು ನಟಿಸಲಿ. ಜಗತ್ತಿನಲ್ಲಿ ಅವನು ನಟಿಸಬೇಕಿಲ್ಲದ ಒಬ್ಬಳೇ ಒಬ್ಬಳು ನಾನಾಗಿದ್ದೆ. ನನ್ನೆದುರೂ ನಟಿಸುತ್ತಿದ್ದಾನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಕಣ್ಣು ಬಿಟ್ಟವನು ಚೀಟಿ ಬರೆದು ನನ್ನ ಮುಂದೆ ಹಿಡಿದ: ‘ತುಂಬಾ ಚೆನ್ನಾಗಿದೆ. ಎಲ್ಲರೂ ಕೇಳಬೇಕು.’

ನಾನು ನೆಲದ ಮೇಲಿದ್ದ ಪ್ಲಗ್ಗನ್ನು ಎತ್ತಿ ಅವನ ಕಣ್ಣಿಗೆ ಕಾಣುವ ಹಾಗೆ ಹಿಡಿದೆ. ಅವನು ಪ್ಲಗ್ ನೋಡಿದ, ಉರಿಯುತ್ತಿದ್ದ ದೀಪ ನೋಡಿದ, ಎದ್ದು ಮುಂಭಾಗಕ್ಕೆ ಹೋಗಿ ಕೌಂಟರಿಗೆ ಕೈಯೂರಿ ನಿಂತ.

ಆ ಹುಡುಗಿಯರು ಏನು ತಪ್ಪು ಮಾಡಿದ್ದರು? ಮಷಿನ್ನಿನ ಪ್ಲಗ್ ಕಿತ್ತೆ, ಟೇಪ್ ರೆಕಾರ್ಡರಿನದು ಹಾಕಿದೆ, ಎರಡೂ ಬದಿ ಕೇಳಿದೆ. ಕೇಳಿ ಮುಗಿದ ಮೇಲೆ ನಾನೇ ಒಂದು ಚೀಟಿ ಕತ್ತರಿಸಿಕೊಂಡು, ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ ಬರೆದೆ: ‘ಎರಡು ದನಿ, ಒಂದೇ ಸುರುಳಿಯಿಂದ ಕತ್ತರಿಸಿದ ಬಟ್ಟೆ. ಒಂದು ಸಣ್ಣದಾಯಿತೆಂದು ಇನ್ನೊಂದರಿಂದ ತುಂಡು ಕೊಟ್ಟು ಜೋಡಿಸಿದ್ದಾರೆ, ಹೊಲಿಗೆ ಕಾಣುವುದೇ ಇಲ್ಲ. ಯಾರಿಗೋ ತುಂಡು ಕೊಟ್ಟವರಿಗೆ.’ ಕೆಳಗೆ ‘ತಂಗಿ’ ಎಂದು ಸಹಿ ಹಾಕಿದೆ. ದಾರ ಕಟ್ಟಿ ಕಿಟಕಿಯಲ್ಲಿ ನೇತುಹಾಕಿದೆ.

ಅಣ್ಣ ಹತ್ತಿರ ಬಂದು ಓದಿದ. ಎರಡು ಸಲ ಓದಿದ. ಮಾತು ಉಳಿದೆಲ್ಲ ಚೀಟಿಗಳದೇ, ಕೈಬರಹ ಮಾತ್ರ ಬೇರೆ. ಆ ಮಾತುಗಳೆಲ್ಲ ಯಾರವೆಂದು ನೋಡಿದವರಿಗೆ ತಿಳಿಯದೆ ಇರುತ್ತದೆಯೇ?

“ನಿನ್ನನ್ನ ನಂಬಿದ್ದೆ ಪುಟ್ಟಿ” ಎಂದ. “ಕೊನೆಗೆ ನೀನೇ ಕೈ ಕೊಟ್ಟೆ.”

ಆ ಮಾತನ್ನು ಅಷ್ಟು ದಿನದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದವಳು ನಾನು. ಅದನ್ನೂ ಅವನೇ ಹೇಳಿಬಿಟ್ಟ.