ಅಂಗಳದಲ್ಲಿ ಹಾರಿದ ಗುಂಡು

ಬಾಳೆಲೆ ಎಂಬ ಊರಿನಲ್ಲಿ ನಮ್ಮ ನೆರೆಮನೆಯ ದೇರಪ್ಪ ಸುಬೇದಾರನಾಗಿ ನಿವೃತ್ತನಾದವನು. ಈಗ ಕಾಫಿ ಗಿಡಗಳಿಗೂ ಸಾಲಾಗಿ ನಿಲ್ಲಲು ಹೇಳುತ್ತಾನೆ ಎಂದು ಹೆಂಡತಿ ಯಮುನ ಛೇಡಿಸುತ್ತಾಳೆ. ಅಳಿಯ ಮಿಲನ್ ಕೂಡ ಸೈನ್ಯದಲ್ಲೇ. ಮಗು ಹುಟ್ಟಿದರೆ, ಅದರಲ್ಲೂ ಗಂಡಾದರೆ, ಅಂಗಳದಲ್ಲಿ ಕೋವಿ ಹಾರಿಸಿ ಊರಿಗೆ ಸಾರುವುದು ನಮ್ಮ ಕಡೆಯ ರೂಢಿ. ಹೆಂಡತಿಯ ಹೆರಿಗೆಗೆ ಮೊದಲು ರಜೆಗೆ ಬಂದಿದ್ದ ಮಿಲನ್, "ನಾನು ಅಲ್ಲಿಂದಲೇ ಒಂದು ಹಾರಿಸ್ತೇನೆ ಮಾವ" ಎಂದು ನಕ್ಕು ಹೋಗಿದ್ದ.

ವಿರಾಜಪೇಟೆಯ ಆಸ್ಪತ್ರೆಯಲ್ಲಿ ಮಗಳು ರಮ್ಯಳಿಗೆ ಹೆಣ್ಣು ಮಗು ಹುಟ್ಟಿದಾಗ ಮಿಲನ್ ಗಡಿಯ ಹತ್ತಿರ ಸಮರಾಭ್ಯಾಸದಲ್ಲಿದ್ದ. ನಾನು ಬಿಸಿನೀರು ಹಿಡಿದು ಒಳಗೆ ಹೋದರೆ ದೇರಪ್ಪ ಮಗಳ ಫೋನನ್ನು ಜೇಬಿಗಿಳಿಸಿಕೊಂಡು ನಿಂತಿದ್ದ.

"ಅಭ್ಯಾಸ ಮುಗಿಯೋ ತನಕ ಅವನಿಗೆ ಹೇಳೋದು ಬೇಡ."

"ಹುಚ್ಚಾ ನಿಮಗೆ?" ಯಮುನ ರೇಗಿದಳು. "ಅಪ್ಪನಿಗೇ ಹೇಳದೆ ಊರಿಗೆ ಲಾಡು ಹಂಚೋದಾ?"

"ಅಕ್ಕ, ನೀವಾದ್ರೂ ಕೇಳಿ" ಎಂದು ನನ್ನ ಕಡೆ ತಿರುಗಿದ. "ಇಂಥ ಹೊತ್ತಿಗೆ ಗುಂಡಿನ ಸದ್ದು ಬರ್ತದೆ ಅಂತ ಗಡಿ ಆಚೆಯವರಿಗೆ ಮೊದಲೇ ಹೇಳಿರ್ತಾರೆ. ಇವನು ಖುಷಿಗೆ ಹೊತ್ತಲ್ಲದ ಹೊತ್ತಲ್ಲಿ ಒಂದು ಹಾರಿಸಿದ್ರೆ, ಮಗು ಹುಟ್ಟಿದ್ದಾ ಯುದ್ಧ ಹುಟ್ಟಿದ್ದಾ ಅಂತ ಅವರಿಗೇನು ಗೊತ್ತು?"

ದೇರಪ್ಪ ಸೈನ್ಯದಲ್ಲಿದ್ದ ಕಾಲದಲ್ಲಿ ಯಾರೋ ಹಾಗೆ ಹಾರಿಸಿದ ಒಂದೇ ಗುಂಡಿಗೆ ಆಚೆಯವರು ಬಂಕರಿಗಿಳಿದಿದ್ದರಂತೆ. ಬಾವುಟ ಹಿಡಿದು ಹೋದ ಅಧಿಕಾರಿಗಳು ಗಂಟಲು ಒಣಗುವಷ್ಟು ಮಾತಾಡಿದ ಮೇಲೆ ಎರಡೂ ಕಡೆಯವರು ನಿದ್ದೆ ಮಾಡಿದ್ದು. ಎರಡೂ ದೇಶದ ದೊಡ್ಡವರು ವರ್ಷಗಟ್ಟಲೆ ಬೆಳೆಸಿದ ಮಾತುಕತೆಯೂ ನಿಂತುಹೋಯಿತಂತೆ.

ರಮ್ಯ ಮಲಗಿದಲ್ಲಿಂದಲೇ ಕೈ ಚಾಚಿದಳು. "ಆಚೆಯವರನ್ನ ನಂಬಬೇಕು ಅಂತೀರಿ, ಸ್ವಂತ ಅಳಿಯನ್ನ ನಂಬೋದಿಲ್ವಾ ಅಪ್ಪ?"

ದೇರಪ್ಪ ಜೇಬಿನಿಂದ ಫೋನ್ ತೆಗೆದು ಕೊಟ್ಟ. ಅವಳು ಗಂಡನಿಗೆ ಕರೆ ಮಾಡಿ "ಹೆಣ್ಣು ಮಗು!" ಎನ್ನುತ್ತಿದ್ದಂತೆ ಆ ಕಡೆ ಕೂಗು ಎದ್ದಿತು. ದೇರಪ್ಪ ಬಗ್ಗಿ, "ಮಿಲನ್, ಕೋವಿ ಮುಟ್ಬೇಡ" ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಕೇಳಿಸಿತೋ ಇಲ್ಲವೋ. ಆಮೇಲೆ ಎಷ್ಟು ಮಾಡಿದರೂ ಸಿಗಲಿಲ್ಲ.

ಯಮುನಳನ್ನು ಅಲ್ಲೇ ಬಿಟ್ಟು ನಾವಿಬ್ಬರು ಮನೆಗೆ ಬಂದೆವು. ದೇರಪ್ಪ ಕಾಫಿ ಮುಟ್ಟಲಿಲ್ಲ. ಟೀವಿಯ ವಾರ್ತೆ ಹಾಕುವುದು, ಆರಿಸುವುದು, ಮತ್ತೆ ಹಾಕುವುದು.

ಸಂಜೆ ಫೋನ್ ಬಂತು. ದೇರಪ್ಪ ಸ್ಪೀಕರಿಗೆ ಹಾಕಿದ.

"ಮಾವ, ನಿಮ್ಮ ಮಾತು ಅರ್ಧ ಕೇಳಿಸ್ತು. ಉಳಿದರ್ಧ ನನಗೂ ಗೊತ್ತಿತ್ತು. ಕೋವಿ ಮುಟ್ಟಲಿಲ್ಲ."

ದೇರಪ್ಪ ಕಣ್ಣೊರೆಸಿಕೊಂಡು, ಫೋನನ್ನು ನನ್ನ ಕೈಗಿಟ್ಟು ಕೋವಿ ತಂದ. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದ ಲಿಂಗ, "ಹೆಣ್ಣಿಗೂ ಗುಂಡಾ?" ಎಂದ.

"ಯಾಕೆ, ಅವಳಿಗೆ ಕಿವಿ ಇಲ್ವಾ?" ಎಂದ ದೇರಪ್ಪ.

ಅಂಗಳದಿಂದ ಗುಂಡು ಆಕಾಶಕ್ಕೆ ಹಾರಿತು. ಫೋನಿನಲ್ಲಿ ಊಟದ ತಟ್ಟೆಗಳ ದಡಬಡ ಕೇಳಿಸಿತು.

"ಏನೋ ಅದು?"

"ಹುಡುಗ್ರು ಚಮಚದಲ್ಲಿ ಬಾರಿಸ್ತಿದ್ದಾರೆ ಮಾವ. ಇದಕ್ಕೆ ಯಾರೂ ಬಂಕರಿಗಿಳಿಯೋದಿಲ್ಲ. ಊಟ ಆಯ್ತು ಅಂದ್ಕೊಳ್ತಾರೆ!"

ದೇರಪ್ಪ ಆಗ ತಣ್ಣಗಾಗಿದ್ದ ಕಾಫಿಯನ್ನೇ ಕುಡಿದ.